ಎರಡನೆಯ ಪಾಸು

ಆ ಶನಿವಾರ ಬೆಳಿಗ್ಗೆ ಸುರಿದದ್ದು ಮಳೆಯೂ ಅಲ್ಲ, ಹಿಮವೂ ಅಲ್ಲ. ಅದು ನಿಂತ ಮೇಲೆ ಉತ್ತರದಿಂದ ಚಳಿ ತಿರುಗಿ ಬಂದು, ಒದ್ದೆಯಾಗಿದ್ದುದನ್ನೆಲ್ಲ ಗಾಜು ಮಾಡಿಬಿಟ್ಟಿತ್ತು. ಚರ್ಚಿನ ಮುಂದಿನ ಬರ್ಚ್ ಮರಗಳ ಕೊಂಬೆಗಳು ಗಾಳಿ ಬೀಸಿದಾಗಲೆಲ್ಲ ಬಳೆ ತೊಟ್ಟ ಕೈಗಳ ಹಾಗೆ ಸದ್ದು ಮಾಡುತ್ತಿದ್ದವು. ಕೊಲ್ಲಿಯ ಮೇಲೆ ಬಿಸಿಲಿತ್ತು; ಆದರೆ ಅದು ನೋಡುವುದಕ್ಕೆ ಮಾತ್ರ ಇದ್ದ ಬಿಸಿಲು. ಮಾರ್ಚ್ ಎಂದರೆ ನಮ್ಮ ರೌತಲಾಹ್ತಿ ಊರಿನಲ್ಲಿ ಹೀಗೆಯೇ. ವಸಂತವನ್ನು ಕೊಡಲೋ ಬೇಡವೋ ಎಂದು ದೇವರು ಇನ್ನೂ ಯೋಚಿಸುತ್ತಿರುವಂತೆ ಕಾಣುತ್ತದೆ.

ನಾನು ಚರ್ಚಿನ ಹನ್ನೊಂದು ಮೆಟ್ಟಿಲುಗಳ ಮೇಲೆ, ಜನ ಜಾರದಿರಲೆಂದು, ಸಣ್ಣ ಜಲ್ಲಿ ಹರಡುತ್ತಿದ್ದೆ. ಗಂಟೆ ಬಾರಿಸುವುದು, ಮೇಣದ ಬತ್ತಿ ಹಚ್ಚುವುದು, ಮದುವೆಗೆ ಹಾಸು ಹಾಸುವುದು, ಸಾವಿಗೆ ಗುಂಡಿ ಅಳೆಯುವುದು, ಇವೆಲ್ಲ ಮೂವತ್ತೈದು ವರ್ಷಗಳಿಂದ ಈ ಅರ್ಮಾಸನ ಕೆಲಸ. ಚಳಿಗಾಲದ ಬುಧವಾರ ಮತ್ತು ಶನಿವಾರದ ಸಂಜೆಗಳಲ್ಲಿ ಮಾತ್ರ ಇನ್ನೊಂದು ಕೆಲಸವಿತ್ತು. ನಮ್ಮೂರಿನ ಐಸ್ ಹಾಕಿ ತಂಡದ ಪಂದ್ಯಗಳಲ್ಲಿ, ಮಂಜಿನ ಅಂಕಣದ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಕೂತು, ಗೋಲು ಯಾರದು, ಪಾಸು ಯಾರದು ಎಂದು ಬರೆಯುವುದು. ಅದಕ್ಕೆ ಸಂಬಳವಿಲ್ಲ. ಒಂದು ಲೋಟ ಕಾಫಿ, ಒಂದು ಏಲಕ್ಕಿ ಬನ್ನು, ಅಷ್ಟೇ. ಆದರೂ ಆ ಕುರ್ಚಿಯನ್ನು ನಾನು ಇಪ್ಪತ್ತಾರು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಅರ್ಮಾಸ್, ಇನ್ನೊಂದು ಸಲಿಕೆ ಎಲ್ಲಿ?"

ಕೆಳಗಿನ ಮೆಟ್ಟಿಲ ಹತ್ತಿರ ರೈವಿಸ್ ನಿಂತಿದ್ದ. ಲಾಟ್ವಿಯಾದವನು, ಮೂವತ್ತೊಂದರ ಹರೆಯ, ನಮ್ಮ ತಂಡಕ್ಕೆ ಬಂದು ಎರಡು ವರ್ಷವಾಗಿತ್ತು. ನಮ್ಮ ಭಾಷೆಯನ್ನು ಅವನು ತೆಳುವಾದ ಮಂಜಿನ ಮೇಲೆ ನಡೆಯುವವನ ಹಾಗೆ, ಪ್ರತಿ ಮಾತನ್ನೂ ಮೆಟ್ಟಿ ನೋಡಿ ಆಡುತ್ತಿದ್ದ. ಭಾನುವಾರಗಳಂದು ಹೆಂಡತಿ ಇಲ್ಜೆ ಮತ್ತು ಮಗಳ ಜೊತೆ ಎಡಗಡೆಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ತಂಡದ ಇಪ್ಪತ್ತೈದು ಜನರಲ್ಲಿ ಭಾನುವಾರ ಚರ್ಚಿಗೆ ಬರುತ್ತಿದ್ದವನು ಅವನೊಬ್ಬನೇ.

"ಇವತ್ತು ನಿಂಗೆ ಆಟ ಇದೆ. ಹೋಗಿ ಮಲಕ್ಕೋ."

"ಮನೇಲಿ ಮಗಳು ಕೊಳಲು ಕಲೀತಿದಾಳೆ. ಇಲ್ಲೇ ವಾಸಿ."

ನಾನು ಸಲಿಕೆ ಕೊಟ್ಟೆ. ಮೇಲಿನಿಂದ ನಾನು, ಕೆಳಗಿನಿಂದ ಅವನು. ಆರನೆಯ ಮೆಟ್ಟಿಲಲ್ಲಿ ಇಬ್ಬರೂ ಕೂಡಿದೆವು. ಅವನು ಕೈಗವಸಿನಿಂದ ಬೆವರು ಒರೆಸಿಕೊಂಡು, ಮೆಟ್ಟಿಲ ಸಾಲನ್ನು ತೃಪ್ತಿಯಿಂದ ನೋಡಿ ಹೊರಟುಹೋದ. ಕೆಲಸ ಮಾಡಿ ಅದರ ಮಾತೆತ್ತದೆ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಅದೇ ದಿನದ ಸಂಜೆ ನಾನು ಅವನಿಗೆ ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿರುವುದರಿಂದ ಇದನ್ನು ಮೊದಲು ಹೇಳಿದ್ದೇನೆ.

ಆ ವರ್ಷ ತಂಡದ ಆಟದ ಋತು ಕೆಟ್ಟದಾಗಿ ಶುರುವಾಗಿತ್ತು. ಅಕ್ಟೋಬರಿನಲ್ಲಿ ಸಾಲಾಗಿ ಏಳು ಸೋಲು. ನವೆಂಬರಿನಲ್ಲಿ ತರಬೇತುದಾರನನ್ನು ಕಳಿಸಿದರು. ಹೊಸಬ ಬಂದವನೇ ರೈವಿಸನನ್ನು ಯೂಸೊನ ಜೊತೆ, ಒಟ್ಟಿಗೆ ಅಂಕಣಕ್ಕಿಳಿಯುವ ಒಂದೇ ಸಾಲಿಗೆ ಹಾಕಿದ. ಯೂಸೊ ನಮ್ಮೂರವನು. ಮೂವತ್ತಮೂರು ವರ್ಷ, ಹದಿನಾಲ್ಕು ಋತು ಇದೇ ಅಂಗಿಯಲ್ಲಿ ಆಡಿದವನು. ಅವನ ಬ್ಯಾಪ್ಟಿಸಮ್ಮಿಗೆ ನೀರು ಕಾಯಿಸಿದವನು ನಾನು. ಅವನ ಅಪ್ಪನ ಸಾವಿಗೆ ಗಂಟೆ ಬಾರಿಸಿದವನೂ ನಾನೇ. ಇಬ್ಬರೂ ಕೂಡಿದ ಮೇಲೆ ತಂಡ ಗೆಲ್ಲಲು ಕಲಿಯಿತು. ಗೋಲಿಗೆ ಒಂದು ಅಂಕ, ಪಾಸಿಗೆ ಒಂದು ಅಂಕ. ಆ ಶನಿವಾರದ ಹೊತ್ತಿಗೆ ಇಬ್ಬರದೂ ಸರಿಯಾಗಿ ನಲವತ್ತೇಳು.

ನಮ್ಮ ದೇಶದ ಲೀಗಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ತಂಡದಲ್ಲೂ ಅತಿ ಹೆಚ್ಚು ಅಂಕ ಗಳಿಸಿದವನು ಚಿನ್ನದ ಬಣ್ಣದ ಹೆಲ್ಮೆಟ್ಟು ತೊಟ್ಟು ಆಡಬೇಕು. ದೂರದ ಮೂಲೆಯಲ್ಲಿ ಕೂತ ಅಜ್ಜಿಗೂ ಗೊತ್ತಾಗುತ್ತದೆ, ಅವನೇ ಎಂದು. ಎದುರಾಳಿಗೂ ಗೊತ್ತಾಗುತ್ತದೆ, ಹೊಡೆಯಬೇಕಾದದ್ದು ಅವನನ್ನೇ ಎಂದು. ಅಂಕ ಸಮವಾದಾಗ ಗೋಲು ಹೆಚ್ಚಿದ್ದವನಿಗೆ ಹೆಲ್ಮೆಟ್ಟು. ರೈವಿಸನ ಗೋಲುಗಳು ಹೆಚ್ಚು. ಹಾಗಾಗಿ ಆ ಶನಿವಾರ, ಲೀಗ್ ಋತುವಿನ ಕೊನೆಯ ಪಂದ್ಯದ ದಿನ, ಅದು ಅವನ ತಲೆಯ ಮೇಲಿತ್ತು.

ಪಂದ್ಯಕ್ಕೆ ಮುಂಚೆ ಕಾಫಿಯ ಸಾಲಿನಲ್ಲಿ ನನ್ನ ಹಿಂದೆ ರೌನೊ ಬಂದು ನಿಂತ. ತಂಡದ ಮ್ಯಾನೇಜರು. ಆಟಗಾರರನ್ನು ಕೊಳ್ಳುವುದು, ಕಳಿಸುವುದು ಅವನ ಕೈಯಲ್ಲಿ.

"ಅರ್ಮಾಸ್, ನೀನು ಚರ್ಚಿನವನು. ಒಂದು ಗುಟ್ಟು ಹೇಳ್ತೀನಿ, ಬಾಯಿ ಬಿಡಬೇಡ."

"ಗುಟ್ಟು ಕೇಳೋಕೆ ಪಾದ್ರಿಯಮ್ಮ ಇದಾರೆ. ನಾನು ಬರೀ ಗಂಟೆ ಹೊಡೆಯೋನು."

"ಬರೋ ವರ್ಷ ವಯಸ್ಸಾದ ಮುಂಚೂಣಿ ಆಟಗಾರ ಒಬ್ಬನಿಗೇ ಜಾಗ. ರೈವಿಸ್, ಇಲ್ಲಾ ಯೂಸೊ. ಋತು ಮುಗಿದಾಗ ಚಿನ್ನದ ಹೆಲ್ಮೆಟ್ಟು ಯಾರ ತಲೆ ಮೇಲಿರುತ್ತೋ ಅವನನ್ನ ಇಟ್ಕೊಳಿ ಅಂತ ದುಡ್ಡು ಹಾಕೋ ಮರದ ಮಿಲ್ಲಿನೋರು ಅಂದಿದಾರೆ. ನಂಗೂ ಅದೇ ಸುಲಭ. ಆಮೇಲೆ ಯಾರೂ ನನ್ನ ಬಯ್ಯೋ ಹಾಗಿಲ್ಲ."

"ಅವರಿಬ್ಬರಿಗೂ ಗೊತ್ತಾ?"

"ಹೇಳಿದ್ರೆ ಇಬ್ರೂ ಪಾಸು ಕೊಡೋದು ಬಿಟ್ಟು ಗೋಲಿಗೇ ಹೊಡೀತಾ ಕೂತ್ಕೋತಾರೆ. ಹುಚ್ಚಾ ನಿಂಗೆ?" ಎಂದು ರೌನೊ ನನ್ನ ತಟ್ಟೆಯಿಂದ ಬನ್ನಿನ ಅರ್ಧ ಮುರಿದುಕೊಂಡು ಹೋದ.

ಇಲ್ಲಿ ನನ್ನ ಒಂದು ಹಳೆಯ ಅಭ್ಯಾಸದ ಬಗ್ಗೆ ಹೇಳಬೇಕು. ಒಂದು ಗೋಲಿಗೆ ಎರಡು ಪಾಸಿನವರೆಗೂ ಲೆಕ್ಕ. ಗೋಲು ಹೊಡೆದವನಿಗೆ ಬಿಲ್ಲೆಯನ್ನು, ಅಂದರೆ ಈ ಆಟದಲ್ಲಿ ಚೆಂಡಿನ ಬದಲಿಗಿರುವ ರಬ್ಬರಿನ ತುಂಡನ್ನು, ಕೊಟ್ಟವನದು ಮೊದಲನೆಯದು. ಅವನಿಗೆ ಕೊಟ್ಟವನದು ಎರಡನೆಯದು. ಗೋಲು ಯಾರದೆಂದು ತೀರ್ಪುಗಾರ ಹೇಳಿ ಹೋಗುತ್ತಾನೆ. ಪಾಸುಗಳನ್ನು ನಮ್ಮ ಪೆಟ್ಟಿಗೆ ಬರೆದುಕೊಳ್ಳುತ್ತದೆ. ಎಷ್ಟೋ ಸಲ ಎರಡನೆಯ ಪಾಸು ಯಾರದೂ ಆಗಿರುವುದಿಲ್ಲ. ಬಿಲ್ಲೆ ಗೋಡೆಗೆ ಬಡಿದು ಬಂದಿರುತ್ತದೆ, ಎದುರಾಳಿಯ ಕೋಲಿಗೆ ತಾಗಿರುತ್ತದೆ. ಆ ಖಾಲಿ ಜಾಗದಲ್ಲಿ ನಾನು ಆಗಾಗ ಒಬ್ಬನ ನಂಬರು ಬರೆಯುತ್ತಿದ್ದೆ. ಮಗು ಹುಟ್ಟಿದವನಿಗೊಂದು. ನೂರನೆಯ ಪಂದ್ಯ ಆಡುವವನಿಗೊಂದು. ತಾಯಿ ತೀರಿಕೊಂಡ ವಾರ ಆಡಲು ಬಂದವನಿಗೊಂದು. ಎಲ್ಲ ಊರಿನ ಪೆಟ್ಟಿಗೆಗಳಲ್ಲೂ ಇದು ನಡೆಯುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಬಟ್ಟಲಿಗೆ ಒಂದು ಹನಿ ಹಾಕಿದರೆ ಯಾರ ಬಟ್ಟಲೂ ಬರಿದಾಗುವುದಿಲ್ಲ ಎಂದು ನಾನು ನಂಬಿದ್ದೆ. ದೇವರೂ ಹೀಗೆಯೇ ಕೊಡುತ್ತಾನಲ್ಲವೇ ಎಂದು ಕೂಡ ಒಮ್ಮೆ ಅಂದುಕೊಂಡಿದ್ದೆ. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರನೆಯ ಅವಧಿಯಲ್ಲಿ ನಮ್ಮದು ಎರಡು, ಅವರದು ಒಂದು. ನಮ್ಮ ಆ ಎರಡರಲ್ಲಿ ರೈವಿಸನ ನಂಬರೂ ಇರಲಿಲ್ಲ, ಯೂಸೊನದೂ ಇರಲಿಲ್ಲ. ಇನ್ನು ಆರು ನಿಮಿಷ. ನಮ್ಮ ಪೆಟ್ಟಿಗೆಯ ಎದುರಿನ ಮೂಲೆಯಲ್ಲಿ ರೈವಿಸ್ ಇಬ್ಬರು ಎದುರಾಳಿಗಳ ನಡುವೆ ಗೋಡೆಗೆ ಅಂಟಿಕೊಂಡು, ಕಾಲಿನಿಂದ ಬಿಲ್ಲೆಯನ್ನು ಕಿತ್ತು, ಕೋಲಿನಿಂದ ರಕ್ಷಣೆಯ ಆಟಗಾರ ಕಾಸ್ಪೆರನಿಗೆ ತಳ್ಳಿದ. ಕಾಸ್ಪೆರ್ ಉದ್ದಕ್ಕೆ ಎಲ್ಮೆರಿಗೆ ಕೊಟ್ಟ. ಎಲ್ಮೆರಿ ಹೊಡೆದ. ಗೋಲು. ಆ ಹೊತ್ತಿಗೆ ಯೂಸೊ ಸುಸ್ತಾಗಿ, ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಟಿದ್ದ. ಆಟಗಾರರ ಬೆಂಚಿನ ಅಡ್ಡಗೋಡೆ ದಾಟಿ ಅವನ ಒಂದು ಕಾಲು ಆಚೆಯಿತ್ತು. ಗೋಲಿನ ಸದ್ದಿಗೆ ಆ ಕಾಲನ್ನು ಈಚೆಗೆ ತೆಗೆದುಕೊಂಡು, ಉಳಿದವರ ಜೊತೆ ತಬ್ಬಿಕೊಳ್ಳಲು ಓಡಿದ.

ನಾನು ಇದನ್ನೆಲ್ಲ ನೋಡಿದೆ. ನನ್ನ ಕಣ್ಣು ಅಷ್ಟು ಸ್ಪಷ್ಟವಾಗಿ ಯಾವತ್ತೂ ನೋಡಿರಲಿಲ್ಲ.

ತೀರ್ಪುಗಾರ ಗಾಜಿನ ಹತ್ತಿರ ಬಂದು ಎಲ್ಮೆರಿಯ ನಂಬರು ಹೇಳಿ ಹೋದ. ನನ್ನ ಪಕ್ಕದಲ್ಲಿ ಹಿಲ್ಕ್ಕ ಮೈಕಿನ ಮೇಲೆ ಕೈ ಮುಚ್ಚಿಕೊಂಡು ಕಾಯುತ್ತಿದ್ದಳು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹನ್ನೆರಡು ವರ್ಷದಿಂದ ಊರಿಗೆಲ್ಲ ಗೋಲು ಕೂಗುವವಳು.

"ಮೊದಲನೇದು ಕಾಸ್ಪೆರ್. ಎರಡನೇದು ಯಾರು, ಅರ್ಮಾಸ್? ಬೇಗ ಹೇಳು, ಗೋಲಿನ ಹಾಡು ಮುಗೀತಾ ಬಂತು."

ರೈವಿಸನ ನಂಬರು ಒಂಬತ್ತು. ಯೂಸೊನದು ಹದಿನೇಳು.

"ಹದಿನೇಳು," ಎಂದೆ.

ಹಿಲ್ಕ್ಕ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮೈಕಿನಿಂದ ಕೈ ತೆಗೆದು ಕೂಗಿದಳು. ಯೂಸೊನ ಹೆಸರಿಗೆ ಊರು ಎದ್ದು ನಿಂತಿತು. ಅವನದು ನಲವತ್ತೆಂಟಾಯಿತು, ರೈವಿಸನದು ನಲವತ್ತೇಳರಲ್ಲೇ ಉಳಿಯಿತು.

ಖಾಲಿ ಜಾಗದಲ್ಲಿ ಬರೆಯುವುದು ಬೇರೆ. ಈ ಸಲ ಆ ಜಾಗದಲ್ಲಿ ಒಬ್ಬ ಇದ್ದ, ಅವನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸಿದ್ದೆ. ಬೆರಳು ಕಂಪ್ಯೂಟರಿನಲ್ಲಿ ಆ ನಂಬರು ಒತ್ತುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಆಮೇಲೆ ಎಷ್ಟೋ ಸಲ ಕೆದಕಿದ್ದೇನೆ. ಯೂಸೊನ ಅಮ್ಮನಿಗೆ ಮೊಣಕಾಲು ನೋವು, ಅವನು ಊರು ಬಿಟ್ಟರೆ ಯಾರು ನೋಡುತ್ತಾರೆ ಎಂದು ಯೋಚಿಸಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ಅದು ಸುಳ್ಳು. ಆ ಅಮ್ಮನ ನೆನಪು ನನಗೆ ಬಂದದ್ದು ಮಾರನೆಯ ದಿನ, ನೆವ ಬೇಕಾದಾಗ. ಆ ಕ್ಷಣದಲ್ಲಿ ಇದ್ದದ್ದು ಇಷ್ಟೇ: ಇವನು ನಮ್ಮವನು.

ಪಂದ್ಯ ಮುಗಿದು ಪಟ್ಟಿ ಮುದ್ರಣವಾಗಿ ಬಂತು. ಸಹಿಯಾಗುವ ಮೊದಲು ಯಾವ ತಂಡದವರಾದರೂ ಬಂದು ತಿದ್ದುಪಡಿ ಕೇಳಬಹುದು. ನಮ್ಮ ಮಟ್ಟದ ಲೀಗಿನಲ್ಲಿ ಕ್ಯಾಮೆರಾ ಒಂದೇ. ಆ ಮೂಲೆ ಅದರ ಕಾಲಡಿಯಲ್ಲಿದ್ದುದರಿಂದ ಅದಕ್ಕೆ ಕಾಣುವುದಿಲ್ಲ. ಗುಂಪಿನೊಳಗಿಂದ ಬಂದ ಬಿಲ್ಲೆ ಯಾರ ಕೋಲಿನದೆಂದು ಕಾಸ್ಪೆರನೂ ನೋಡಿರಲಿಲ್ಲ. ಅಲ್ಲಿ ನಡೆದದ್ದನ್ನು ನೇರವಾಗಿ ಕಂಡದ್ದು ನಮ್ಮ ಪೆಟ್ಟಿಗೆ ಮಾತ್ರ.

ರೈವಿಸ್ ಬಂದ. ತಲೆ ಒದ್ದೆ, ಕಾಲಲ್ಲಿ ರಬ್ಬರು ಚಪ್ಪಲಿ. ಗಾಜಿನ ಬಾಗಿಲನ್ನು ಪೂರ್ತಿ ತೆರೆಯದೆ, ಸಂದಿಯಲ್ಲೇ ನಿಂತು ಕೇಳಿದ.

"ಅರ್ಮಾಸ್, ಮೂರನೇ ಗೋಲು. ಎರಡನೇದು ಹದಿನೇಳಾ?"

"ನಾನು ನೋಡಿದ್ದು ಹಾಗೆ."

ಅವನು ನೆಲ ನೋಡಿದ. ಅವನ ಬೆರಳುಗಳು ಗಾಳಿಯಲ್ಲಿ ಸಣ್ಣದಾಗಿ ಅಲುಗಿದವು, ಕೋಲನ್ನು ನೆನಪಿಸಿಕೊಳ್ಳುವಂತೆ.

"ನನ್ನ ಕೋಲಿಂದ ಹೋಯ್ತು ಅಂದ್ಕೊಂಡೆ," ಎಂದ. "ನೀನು ನೋಡಿದೀಯಲ್ಲ. ಹಾಗಾದ್ರೆ ನಂದೇ ತಪ್ಪು."

ಅವನು ಹೋದ ಮೇಲೆ ನಾನು ಸಹಿ ಹಾಕಿದೆ. ಹಿಲ್ಕ್ಕ ಮೈಕಿನ ತಂತಿ ಸುತ್ತುತ್ತಿದ್ದಳು. ತಂತಿ ಸುತ್ತುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಈ ಅಂಕಗಳ ಲೆಕ್ಕಕ್ಕೆ ಸೇರದ ಮುಂದಿನ ನಾಕೌಟ್ ಸುತ್ತಿನಲ್ಲಿ ತಂಡ ಹತ್ತೇ ದಿನಕ್ಕೆ ಸೋತು ಮನೆಗೆ ಬಂತು. ಏಪ್ರಿಲಿನಲ್ಲಿ ಅಂಕಣದ ಮಂಜು ಕರಗಿಸಿದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಸರಿನ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿದರು. ತಿಂಗಳ ಕೊನೆಯ ಗುರುವಾರ ಪಟ್ಟಿ ಹೊರಬಿತ್ತು. ಹೋಗುವವರು ಒಂಬತ್ತು, ಬರುವವರು ಏಳು. ಗೋಲು ಕಾಯಲು ಕೆನಡಾದಿಂದ ಒಬ್ಬ, ಕಿರಿಯರ ತಂಡದಿಂದ ಇಬ್ಬರು. ಯೂಸೊ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ್ದ. ಅವನ ಫೋಟೊದಲ್ಲಿ ಚಿನ್ನದ ಹೆಲ್ಮೆಟ್ಟು ಕಂಕುಳಲ್ಲಿತ್ತು. ಹೋಗುವವರ ಸಾಲಿನಲ್ಲಿ ಏಳನೆಯದು ರೈವಿಸನ ಹೆಸರು. ಎಲ್ಲರಿಗೂ ಸೇರಿಸಿ ಕೆಳಗೆ ಒಂದೇ ಸಾಲು: ಧನ್ಯವಾದ, ಶುಭವಾಗಲಿ.

ಕಾಫಿ ಅಂಗಡಿಯಲ್ಲಿ ಎರಡು ದಿನ ಅದೇ ಮಾತು.

"ಲಾಟ್ವಿಯಾದವನು ಚೆನ್ನಾಗಿದ್ದ ಕಣೋ."

"ಚೆನ್ನಾಗಿದ್ದ. ಆದ್ರೆ ಕೊನೇಲಿ ಯೂಸೊನೇ ಮೇಲಾದ್ನಲ್ಲ. ಲೆಕ್ಕ ಸುಳ್ಳು ಹೇಳುತ್ತಾ?"

"ಲೆಕ್ಕ ಬರೆಯೋನು ಇಲ್ಲೇ ಕೂತಿದಾನೆ, ಕೇಳಿ. ಏನು ಅರ್ಮಾಸ್?"

ನಾನು ಕಾಫಿ ಬಿಸಿಯಿದೆ ಎಂಬಂತೆ ಊದುತ್ತ ಕೂತೆ. ಅದು ಆಗಲೇ ತಣ್ಣಗಾಗಿತ್ತು.

ಮೇ ತಿಂಗಳ ಮೊದಲ ವಾರ ಯೂಸೊ ಸ್ಮಶಾನಕ್ಕೆ ಬಂದ, ಅಪ್ಪನ ಸಮಾಧಿಯ ಸುತ್ತ ಹುಲ್ಲು ಕೀಳಲು. ನಾನು ನೀರಿನ ಕೊಳಾಯಿ ಸರಿಮಾಡುತ್ತಿದ್ದೆ. ಅವನು ಕೈತೊಳೆಯಲು ಬಂದು ನನ್ನ ಮುಖ ನೋಡದೆ ಹೇಳಿದ.

"ಅರ್ಮಾಸ್ ಚಿಕ್ಕಪ್ಪ, ಆವತ್ತಿಂದು... ಥ್ಯಾಂಕ್ಸ್."

"ಯಾವತ್ತಿಂದು?"

"ಸುಮ್ನೆ. ಗೊತ್ತಲ್ಲ."

"ನಂಗೇನೂ ಗೊತ್ತಿಲ್ಲ," ಎಂದೆ ನಾನು. ಅವನು ತಲೆಯಾಡಿಸಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದ. ಯಾರೂ ಕಾಣದಂತೆ ಮಾಡಿದ ಕೆಲಸಕ್ಕೆ ಒಬ್ಬ ಬಂದು ಕೃತಜ್ಞತೆ ಹೇಳಿದಾಗ ಆಗುವ ನಾಚಿಕೆಗೆ ಯಾವ ಬಟ್ಟೆಯೂ ಸಾಲದು. ನಾನು ಕೊಳಾಯಿಯ ತಿರುಪನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತಲೇ ಇದ್ದೆ.

ಅಷ್ಟರಲ್ಲಿ ನಾನು ಪ್ರಭುಭೋಜನದಿಂದ ದೂರವಾಗಿದ್ದೆ. ರೊಟ್ಟಿ ಜೋಡಿಸುವವನು ನಾನೇ, ದ್ರಾಕ್ಷಾರಸ ತುಂಬುವವನೂ ನಾನೇ. ಆದರೆ ಜನ ಮೊಣಕಾಲೂರುವ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿ, ಒರೆಸಿದ ತಟ್ಟೆಗಳನ್ನೇ ಒರೆಸುತ್ತಿದ್ದೆ. ಬಾಗಿಲ ಸಂದಿಯಿಂದ ಎಡಗಡೆಯ ಕೊನೆಯ ಬೆಂಚು ಕಾಣುತ್ತಿತ್ತು. ರೈವಿಸ್ ಎದ್ದು ಬಂದು, ಎಲ್ಲರಿಗಿಂತ ಕೊನೆಗೆ ಮೊಣಕಾಲೂರಿ, ಅಂಗೈ ಚಾಚುತ್ತಿದ್ದ. ಆ ಅಂಗೈಯನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಒಂದು ಭಾನುವಾರ ಪಾದ್ರಿಯಮ್ಮ ಸಿನಿಕ್ಕ ಹಿಂದಿನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮಾತು ಕಡಿಮೆ, ನೋಟ ಜಾಸ್ತಿ.

"ಆ ತಟ್ಟೆ ಸವೆದು ಹೋಗುತ್ತೆ, ಅರ್ಮಾಸ್. ಏಳು ವಾರ ಆಯ್ತು ನೀವು ಮೊಣಕಾಲೂರಿ."

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಯೂಸೊನ ಅಮ್ಮನ ಮೊಣಕಾಲನ್ನು ಮಾತ್ರ ಬಿಟ್ಟು, ಅದು ನೆವವಾದ್ದರಿಂದ. ಅವರು ಕೇಳಿ, ನನ್ನ ಕೈಯಿಂದ ತಟ್ಟೆ ತೆಗೆದು ಪಕ್ಕಕ್ಕಿಟ್ಟರು.

"ನಾನು ಕ್ಷಮೆಯ ಮಾತು ಹೇಳಬಲ್ಲೆ. ಈಗಲೇ, ಇಲ್ಲೇ. ಅದು ನನ್ನ ಕೆಲಸ. ಆದ್ರೆ ಅದನ್ನ ಕೇಳಿಸಿಕೊಂಡು ನೀವು ನಿರಾಳವಾಗಿ ಮನೆಗೆ ಹೋಗ್ತೀರ. ಅವನು ಹೋಗೋದು ಎಲ್ಲಿಗೆ?"

"ಪಟ್ಟಿ ಮುಚ್ಚಿಹೋಗಿದೆ. ಈಗ ಹೇಳಿ ಏನು ಪ್ರಯೋಜನ?"

"ಯಾರಿಗೆ ಪ್ರಯೋಜನ ಅಂತ ಕೇಳ್ತಿದೀರ?"

ಸುಮ್ಮನಿದ್ದರೆ ಉಳಿಯುವುದು ನನ್ನ ಹೆಸರು ಎಂಬುದು ಉತ್ತರ. ಅದು ಇಬ್ಬರಿಗೂ ಗೊತ್ತಿತ್ತು.

ಆದರೂ ಮೊದಲು ಹೋದದ್ದು ಸುಲಭದ ಬಾಗಿಲಿಗೆ. ರೌನೊ ತನ್ನ ಕಚೇರಿಯಲ್ಲಿ ಹೊಸ ಅಂಗಿಗಳ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಕೇಳಿಸಿಕೊಂಡು ನಕ್ಕ.

"ಒಂದು ಪಾಸು. ಅದೂ ಎರಡನೇದು. ಅರ್ಮಾಸ್, ನಿಂಗೆ ಬೇರೆ ಪಾಪ ಸಿಗಲಿಲ್ವಾ?"

"ಲೀಗಿನ ಒಕ್ಕೂಟಕ್ಕೆ ಬರೀತೀನಿ. ತಿದ್ದಲಿ."

"ಬರಿ. ಋತು ಮುಗಿದ ಮೇಲೆ ತಿದ್ದಲ್ಲ ಅಂತ ಎರಡು ಸಾಲು ಉತ್ತರ ಬರುತ್ತೆ. ಯೂಸೊ ಸಹಿ ಆಯ್ತು. ಕೆನಡಾದವನಿಗೆ ಮನೆ ಹುಡುಕಿದ್ದೂ ಆಯ್ತು. ಜಾಗ ಇಲ್ಲ." ಅವನು ಅಂಗಿಯನ್ನು ಮಡಿಸುವುದನ್ನು ನಿಲ್ಲಿಸಿದ. "ಇನ್ನೊಂದು. ಇಪ್ಪತ್ತಾರು ವರ್ಷ ನೀನು ಹಂಚಿದ್ದೆಲ್ಲ ನಂಗೆ ಗೊತ್ತು. ಒಂದು ತೆಗೆದ್ರೆ ಎಲ್ಲಾ ತೆಗೀಬೇಕು. ತೆಗೀತೀಯಾ?"

"ಆ ಕುರ್ಚಿಗೆ ಬೇರೆಯವರನ್ನ ನೋಡ್ಕೋ," ಎಂದೆ. ಅವನು ಮೊದಲ ಸಲ ನಗು ನಿಲ್ಲಿಸಿ ನನ್ನನ್ನು ನೋಡಿದ. ಒಕ್ಕೂಟಕ್ಕೆ ಬರೆದೆ. ಉತ್ತರ ಬಂತು, ಎರಡಲ್ಲ, ಮೂರು ಸಾಲು.

ರೈವಿಸನ ಮನೆ ಬಂದರಿನ ಹತ್ತಿರ, ಮೂರನೆಯ ಮಹಡಿ. ಮೇ ಕೊನೆಯ ಶುಕ್ರವಾರ ಮಧ್ಯಾಹ್ನ ಹೋದೆ. ಕೆಳಗೆ ಬಾಡಿಗೆಯ ವ್ಯಾನು ನಿಂತಿತ್ತು; ಅದರೊಳಗೆ ಹಾಸಿಗೆ, ಸೈಕಲ್ಲು, ಹಾಕಿ ಕೋಲುಗಳ ಕಟ್ಟು. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತೆ. ವಯಸ್ಸಿನ ಉಬ್ಬಸ ಎಂದು ಹೇಳಿಕೊಂಡೆ.

ಇಲ್ಜೆ ಬಾಗಿಲು ತೆರೆದಳು. ಅಡುಗೆ ಮನೆಯಲ್ಲಿ ಮೇಜು ಮಾತ್ರ ಉಳಿದಿತ್ತು, ಎರಡು ಕುರ್ಚಿ. ರೈವಿಸ್ ನನ್ನನ್ನು ಕಂಡು ಸಂತೋಷಪಟ್ಟ. ಅದು ನನಗೆ ಬೇಕಿರಲಿಲ್ಲ.

"ನೋಡು, ಚರ್ಚೇ ಮನೆಗೆ ಬಂತು. ಕೂತ್ಕೋ. ಕಾಫಿ ಇದೆ, ಲೋಟ ಒಂದೇ ಇದೆ."

"ರೈವಿಸ್, ನಾನು ಕೂತ್ಕೊಂಡು ಹೇಳೋ ಮಾತಲ್ಲ ಇದು."

ನಿಂತೇ ಹೇಳಿದೆ. ಕಾಫಿಯ ಸಾಲಿನಲ್ಲಿ ರೌನೊ ಹೇಳಿದ್ದು, ಮೂಲೆಯಲ್ಲಿ ನಾನು ಕಂಡದ್ದು, ಹದಿನೇಳು ಎಂದದ್ದು, ಬಾಗಿಲ ಸಂದಿಯಲ್ಲಿ ಅವನು ನಿಂತಾಗ ಸುಳ್ಳು ಹೇಳಿದ್ದು. ಅವನಿಗೆ ತಿಳಿಯದ ಮಾತು ಬಂದಾಗಲೆಲ್ಲ ಇಲ್ಜೆ ಅವರ ಭಾಷೆಯಲ್ಲಿ ಮೆಲ್ಲಗೆ ಹೇಳುತ್ತಿದ್ದಳು. ಹಾಗಾಗಿ ನನ್ನ ತಪ್ಪನ್ನು ನಾನು ಎರಡೆರಡು ಸಲ ಕೇಳಬೇಕಾಯಿತು, ಒಮ್ಮೆ ನನ್ನ ಬಾಯಲ್ಲಿ, ಒಮ್ಮೆ ಅವಳ ಬಾಯಲ್ಲಿ.

ನಾನು ಮುಗಿಸಿದಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಡೆನ್ಮಾರ್ಕಿನ ಒಂದು ತಂಡದಿಂದ ಕರೆ ಬಂದಿತ್ತು," ಎಂದ. "ಏಪ್ರಿಲಲ್ಲಿ. ಬೇಡ ಅಂದೆ."

"ಯಾಕೆ?"

"ಬಿಲ್ಲೆ ನನ್ನ ಕೋಲಿಂದ ಹೋಯ್ತು ಅಂತ ನಂಗೆ ಖಾತ್ರಿ ಇತ್ತು. ಕೈಗೆ ಗೊತ್ತಾಗುತ್ತೆ ಅರ್ಮಾಸ್, ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ. ಆದ್ರೆ ನೀನು ಇಲ್ಲ ಅಂದೆ. ನೀನು." ಅವನು ನನ್ನ ಕಡೆ ಬೆರಳು ತೋರಿಸಲಿಲ್ಲ, ಆ ಮಾತನ್ನು ಮೇಜಿನ ಮೇಲಿಟ್ಟ ಹಾಗೆ ಇಟ್ಟ. "ಮನೆಗೆ ಬಂದು ಇವಳಿಗೆ ಹೇಳಿದೆ, ನನ್ನ ಕೈ ಹೋಯ್ತು ಅಂತ. ನಡೆದದ್ದು ಒಂದು, ನಂಗೆ ತೋರೋದು ಇನ್ನೊಂದು. ಅಂಥವನು ಆಡಬಾರದು. ತಲೆಗೆ ಪೆಟ್ಟು ಬಿದ್ದೋರಿಗೆ ಹಾಗಾಗುತ್ತೆ, ನೋಡಿದೀನಿ. ಲಾಟ್ವಿಯಾದಲ್ಲಿ ನನ್ನ ಭಾವನ ಟೈರಿನ ಅಂಗಡಿ ಇದೆ. ಅಲ್ಲಿಗೆ ಬರ್ತೀನಿ ಅಂದೆ."

ಇಲ್ಜೆ ಕಿಟಕಿಯ ಕಡೆ ತಿರುಗಿದಳು. "ಎರಡು ಸಲ ಡಾಕ್ಟರ ಹತ್ರ ಹೋಗಿದ್ವಿ," ಎಂದಳು. "ತಲೆ ತೋರಿಸೋಕೆ."

ನಾನು ಒಂದು ಅಂಕ ಕದ್ದೆ ಎಂದುಕೊಂಡಿದ್ದೆ. ಒಂದು ಹೆಲ್ಮೆಟ್ಟು, ಹೆಚ್ಚೆಂದರೆ ಒಂದು ವರ್ಷದ ಕೆಲಸ. ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೇ ತೆಗೆದುಕೊಂಡು ಬಂದಿದ್ದೆ ಎಂಬುದು ಆ ಬರಿದಾದ ಅಡುಗೆ ಮನೆಯಲ್ಲಿ ನಿಂತಾಗ ತಿಳಿಯಿತು. ಇಪ್ಪತ್ತಾರು ವರ್ಷ ಸುಳ್ಳು ಬೆರೆಸಿದವನ ಮಾತು, ಚರ್ಚಿನವನದು ಎಂಬ ಒಂದೇ ಕಾರಣಕ್ಕೆ, ಅವನ ಸ್ವಂತ ಕೈಗಿಂತ ದೊಡ್ಡದಾಗಿತ್ತು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಆ ಪದವನ್ನು ಕೇಳುವುದೂ ಇನ್ನೊಂದು ಬೇಡಿಕೆಯೇ ಎನಿಸಿತು. ಮುಚ್ಚಿದೆ.

"ಕೂತ್ಕೋ," ಎಂದ ರೈವಿಸ್. ಈ ಸಲ ಅದು ಉಪಚಾರವಾಗಿರಲಿಲ್ಲ. ನಾನು ಕೂತೆ. ಅವನು ಎದುರಿನ ಕುರ್ಚಿಯಲ್ಲಿ ಕೂತು, ಎರಡೂ ಕೈ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡ.

"ಮೊದಲಿಂದ ಹೇಳು. ನೀನು ಕಂಡ ಹಾಗೆ."

"ನೀನು ಮೂಲೇಲಿದ್ದೆ. ಅವರಿಬ್ರು. ದಪ್ಪಗಿದ್ದೋನು ನಿನ್ನ ಬೆನ್ನಿಗೆ ಒರಗಿದ್ದ."

"ಎಡಕ್ಕಾ, ಬಲಕ್ಕಾ?"

"ಎಡಕ್ಕೆ. ಬಿಲ್ಲೆ ನಿನ್ನ ಕಾಲಿನ ಹತ್ರ ಗೋಡೆಗೆ ಸಿಕ್ಕಿತ್ತು. ನೀನು ಒಂದು ಸಲ ಒದ್ದೆ. ಬರಲಿಲ್ಲ."

ಅವನ ಬಲಗೈ ಬೆರಳು ಮೇಜಿನ ಮೇಲೆ ಒಮ್ಮೆ ಅಲುಗಿತು.

"ಎರಡನೇ ಸಲ ಬಂತು. ಕೋಲಿನ ತುದಿಗೆ ತಗೊಂಡೆ. ತಲೆ ಎತ್ತಲಿಲ್ಲ ನೀನು. ತಲೆ ಎತ್ತದೇನೇ ಹಿಂದಕ್ಕೆ ತಳ್ಳಿದೆ, ಕಾಸ್ಪೆರನ ಕೋಲಿಗೆ."

"ಮೆಲ್ಲಗಾ?"

"ಮೆಲ್ಲಗೆ. ಅವನು ನಿಲ್ಲಿಸಬೇಕಾಗೇ ಇರಲಿಲ್ಲ."

"ಹೌದು," ಎಂದ ಅವನು. ಕಣ್ಣು ಇನ್ನೂ ಮುಚ್ಚಿತ್ತು. "ಮೆಲ್ಲಗೆ ಕೊಟ್ಟೆ. ಯೂಸೊ ಎಲ್ಲಿದ್ದ?"

"ಬೆಂಚಿನ ಗೋಡೆ ಹತ್ತುತಿದ್ದ. ಒಂದು ಕಾಲು ಆಚೆ."

ಅವನ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ನಗುವಾಗಲು ಹೊರಟು ನಿಂತುಹೋದದ್ದು. ಪಕ್ಕದ ಕೋಣೆಯಲ್ಲಿ ಮಗಳು ಖಾಲಿ ನೆಲದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ನನ್ನ ತಪ್ಪು ಇದರಿಂದ ಕರಗಿತೆಂದು ನಾನು ಹೇಳಲಾರೆ. ಅವನು ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಿರಲೂ ಇಲ್ಲ. ಡೆನ್ಮಾರ್ಕಿನವರು ಆ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಿದ್ದರೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.

"ಬರೆದುಕೊಡು," ಎಂದ ಕೊನೆಗೆ. "ಎಲ್ಲಾ ಬೇಡ. ಆ ಒಂದು ಸಾಲು."

ಇಲ್ಜೆ ಮಗಳ ಚಿತ್ರದ ಪುಸ್ತಕದಿಂದ ಒಂದು ಹಾಳೆ ಹರಿದು, ನೀಲಿ ಬಣ್ಣದ ಪೆನ್ಸಿಲ್ ತಂದಿಟ್ಟಳು. ನಾನು ಪಂದ್ಯದ ದಿನಾಂಕ ಬರೆದೆ. ಐವತ್ತನಾಲ್ಕನೆಯ ನಿಮಿಷ. ಗೋಲು, ಎಲ್ಮೆರಿಯ ನಂಬರು ಇಪ್ಪತ್ತೆರಡು. ಮೊದಲ ಪಾಸು, ಕಾಸ್ಪೆರನ ನಾಲ್ಕು. ಎರಡನೆಯ ಪಾಸು ಎಂದು ಬರೆದು, ಅದರ ಮುಂದೆ ಒಂಬತ್ತು ಎಂದು ಬರೆದೆ. ಅಂಕಿ ಸ್ವಲ್ಪ ಸೊಟ್ಟಗೆ ಬಂತು. ಕೆಳಗೆ ಪೂರ್ತಿ ಹೆಸರಿನಲ್ಲಿ ಸಹಿ ಮಾಡಿ, ಹಾಳೆಯನ್ನು ತಿರುಗಿಸಿ, ಮೇಜಿನ ಆಚೆಗೆ ಅವನ ಕೈಯ ಹತ್ತಿರ ಸರಿಸಿದೆ.